ಮೊದಲು ಓಡಿಬಂದ ಮರಿಯನ್ನೇ ತರಬೇಕೆ?

ಪ್ರಶ್ನೆ: ಈ ವಾರ ನಾಯಿಮರಿ ನೋಡಲು ಹೋಗುತ್ತಿದ್ದೇವೆ. ಒಂದೇ ಸೂಲಿನ ಆರು ಮರಿಗಳು, ಏಳು ವಾರ ತುಂಬಿದೆ. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ, ಎಪ್ಪತ್ತು ದಾಟಿದ ಅತ್ತೆಯಿದ್ದಾರೆ. ‘ಯಾವುದು ಮೊದಲು ಓಡಿಬರುತ್ತದೋ ಅದನ್ನೇ ತನ್ನಿ’ ಎನ್ನುತ್ತಾರೆ ಒಬ್ಬರು. ‘ಅಂಗಾತ ಮಲಗಿಸಿ ಅದುಮಿ ಹಿಡಿಯಿರಿ, ಒದ್ದಾಡಿದರೆ ಜೋರು, ಸುಮ್ಮನಿದ್ದರೆ ಸಾಧು’ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳುವುದು?

ಉತ್ತರ: ಮೊದಲು ಓಡಿಬರುವುದು ಎಷ್ಟೋ ಸಲ ಆಗಷ್ಟೇ ನಿದ್ದೆ ತಿಳಿದೆದ್ದ ಮರಿ, ಇಲ್ಲವೇ ಹಸಿದ ಮರಿ. ಈ ವಯಸ್ಸಿನಲ್ಲಿ ಅವು ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡುತ್ತವೆ. ನೀವು ಒಂದು ಗಂಟೆ ತಡವಾಗಿ ಹೋದರೆ ಬೇರೊಂದು ಮೊದಲು ಬಂದೀತು.

ಎರಡನೆಯ ಮಾತಿಗೆ ಸ್ವಲ್ಪ ಹಿನ್ನೆಲೆಯಿದೆ. ಮರಿಗೆ 49 ದಿನ ತುಂಬಿದಾಗ ಮಾಡುವ ‘ವೋಲ್‌ಹಾರ್ಡ್ ಪರೀಕ್ಷೆ’ಯಲ್ಲಿ ಮರಿಯನ್ನು ಮೆಲ್ಲಗೆ ಅಂಗಾತ ಮಲಗಿಸಿ 30 ಸೆಕೆಂಡು ಹಿಡಿದು ನೋಡುವ ಒಂದು ಹಂತವಿದೆ. ಬಾಯಿಂದ ಬಾಯಿಗೆ ದಾಟುವಾಗ ‘ಮೆಲ್ಲಗೆ’ ಉದುರಿಹೋಗಿ ‘ಅದುಮಿ’ ಸೇರಿಕೊಂಡಿದೆ. ಹಾಗೆ ಹಿಡಿದಾಗ ಸುಮ್ಮನಾದ ಮರಿಯೆಲ್ಲ ಸಾಧುವೂ ಅಲ್ಲ. ಕಾಲು ಸೆಟೆದು, ಬಾಯಿ ಬಿಗಿದು, ಮುಖ ಬೇರೆಡೆ ತಿರುಗಿಸಿದ್ದರೆ ಅದು ಹೆದರಿ ಕಲ್ಲಾಗಿದೆ ಎಂದರ್ಥ. ಅಂಥದ್ದನ್ನು ಸಾಧುವೆಂದು ಮನೆಗೆ ತಂದರೆ ಮಗುವಿನ ಕೈಯಲ್ಲಿ ಮುಂದೊಮ್ಮೆ ಕಷ್ಟವಾಗುತ್ತದೆ. ಈ ಪರೀಕ್ಷೆಯನ್ನು ನೀವು ಮಾಡಲೇಬೇಡಿ.

ಇನ್ನೊಂದು ಸಂಗತಿ: ಇಂಥ ಯಾವ ಪರೀಕ್ಷೆಯೂ ಭವಿಷ್ಯ ಹೇಳುವುದಿಲ್ಲ. ವಿಯೆನ್ನಾದ ಸಂಶೋಧಕರು ಬಾರ್ಡರ್ ಕೋಲಿ ತಳಿಯ ಮರಿಗಳನ್ನು ಹುಟ್ಟಿದ ದಿನಗಳಲ್ಲೊಮ್ಮೆ, ಆರೇಳು ವಾರಕ್ಕೊಮ್ಮೆ, ದೊಡ್ಡವಾದ ಮೇಲೊಮ್ಮೆ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರಿಯಲ್ಲಿ ಕಂಡ ಗುಣಗಳಲ್ಲಿ ದೊಡ್ಡದಾದ ಮೇಲೂ ಸ್ಪಷ್ಟವಾಗಿ ಉಳಿದದ್ದು ಒಂದೇ: ಹೊಸ ಜಾಗವನ್ನು ಮೂಸಿ ಹುಡುಕಾಡುವ ಉತ್ಸಾಹ. ಹಾಗಾದರೆ ನೋಡುವುದೇ ವ್ಯರ್ಥವೇ? ಅಲ್ಲ. ವಿಪರೀತ ಅಂಜುವ ಮರಿ, ಕಾಯಿಲೆಯ ಮರಿ, ಕಿವಿ ಕೇಳದ ಮರಿ ಇವನ್ನು ಗುರುತಿಸಬಹುದು. ಅಷ್ಟಾದರೂ ದೊಡ್ಡ ಲಾಭ.

ಮರಿಗಿಂತ ಮೊದಲು ತಾಯಿಯನ್ನು ನೋಡಿ. ಅಂಜುಬುರುಕತನ ಸ್ವಲ್ಪಮಟ್ಟಿಗೆ ರಕ್ತದಲ್ಲೇ ಬರುತ್ತದೆ, ಉಳಿದದ್ದನ್ನು ಮರಿಗಳು ತಾಯಿಯನ್ನು ನೋಡಿ ಕಲಿಯುತ್ತವೆ. ಕಣ್ಣುಬಿಡದ ಮರಿಗಳ ಬಳಿ ಹೊಸಬರು ಹೋದಾಗ ತಾಯಿ ಗುರ್ ಎಂದರೆ ತಪ್ಪಿಲ್ಲ. ಆದರೆ ಏಳು ವಾರದ ಹೊತ್ತಿಗೆ ಒಳ್ಳೆಯ ಸ್ವಭಾವದ ತಾಯಿ ತಾನಾಗಿ ಬಂದು ನಿಮ್ಮನ್ನು ಮೂಸಿ ಹೋಗಬೇಕು. ‘ತಾಯಿಯನ್ನು ಕಟ್ಟಿಹಾಕಿದ್ದೇವೆ, ಹೊಸಬರಿಗೆ ಆಗಿಬರುವುದಿಲ್ಲ’ ಎಂದರೆ ಮರಿಗಳು ಎಷ್ಟೇ ಮುದ್ದಾಗಿದ್ದರೂ ಹಿಂತಿರುಗುವುದು ಮೇಲು. ಮರಿಗಳು ಎಲ್ಲಿ ಬೆಳೆದಿವೆ ಎಂದೂ ಕೇಳಿ. ಮೂರನೇ ವಾರದಿಂದ ಸುಮಾರು 12–14ನೇ ವಾರದವರೆಗೆ ನಾಯಿ ಲೋಕದ ಪರಿಚಯ ಮಾಡಿಕೊಳ್ಳುತ್ತದೆ. ಆ ಅವಧಿಯಲ್ಲಿ ಮಿಕ್ಸಿ ಸದ್ದು, ಮಕ್ಕಳ ಗಲಾಟೆ, ಬಗೆಬಗೆಯ ಮನುಷ್ಯರು ಇವನ್ನು ಕಂಡ ಮರಿಗೂ ಹಿತ್ತಲ ಶೆಡ್ಡಿನಲ್ಲೇ ಇದ್ದ ಮರಿಗೂ ಅಜಗಜಾಂತರ.

ಈಗ ಮರಿಗಳ ವಿಷಯ. ನಿದ್ದೆ ಮುಗಿಸಿ ಎದ್ದಿರುವ, ಇನ್ನೂ ಉಣ್ಣದ ಹೊತ್ತಿಗೆ ಹೋಗಿ. ಉಂಡ ಮರಿ ತೂಕಡಿಸುತ್ತದೆ. ಲಸಿಕೆ ಪೂರ್ತಿಯಾಗದ ಮರಿಗಳಿಗೆ ಪಾರ್ವೋ ಎಂಬ ಮಾರಕ ವಾಂತಿಭೇದಿಯ ಸೋಂಕು ಚಪ್ಪಲಿಯಲ್ಲೂ ಹೋಗುತ್ತದೆ, ಆದ್ದರಿಂದ ಚಪ್ಪಲಿಯನ್ನು ಹೊರಗೇ ಬಿಟ್ಟು ಕೈ ತೊಳೆಯಿರಿ. ಮೊದಲ ಕಾಲು ಗಂಟೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಒಟ್ಟಿಗೆ ನೋಡಿ, ಮುಟ್ಟಬೇಡಿ. ಕಚ್ಚಾಟದಲ್ಲಿ ಒಂದು ಕುಂಯ್ ಎಂದಾಗ ಇನ್ನೊಂದು ಹಿಡಿತ ಬಿಡುತ್ತದೆಯೇ? ಮಗುವಿರುವ ಮನೆಗೆ ಇದು ಬಹಳ ಮುಖ್ಯ. ಬಾಯಿಯ ಬಿಗಿ ಎಷ್ಟಿರಬೇಕೆಂದು ಮರಿ ಕಲಿಯುವುದು ಒಡಹುಟ್ಟುಗಳ ಜೊತೆಯೇ. ಎಂಟು ವಾರ ತುಂಬುವ ಮುನ್ನ ತರಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ. ನೀವೂ ಆರಿಸಿಟ್ಟು, ಇನ್ನೊಂದು ವಾರ ಕಳೆದು ತನ್ನಿ.

ಆಮೇಲೆ ಒಂದೊಂದನ್ನೇ ಅದಕ್ಕೆ ಪರಿಚಯವಿಲ್ಲದ ಕೋಣೆಗೆ ಒಯ್ದು ಐದು ನಿಮಿಷ ನೋಡಿ. ತಾಯಿಯಾಗಲಿ ಉಳಿದ ಮರಿಗಳಾಗಲಿ ಅಲ್ಲಿರಬಾರದು. ನೆಲಕ್ಕೆ ಬಿಟ್ಟು ಸುಮ್ಮನಿರಿ; ಕ್ಷಣ ತಡೆದು ಮೂಸಲು ಶುರುಮಾಡಿದರೆ ಒಳ್ಳೆಯದು. ಕುಕ್ಕರಗಾಲಲ್ಲಿ ಕುಳಿತು ಮೆಲ್ಲಗೆ ಚಪ್ಪಾಳೆ ತಟ್ಟಿ ಕರೆಯಿರಿ, ಬಂದರೆ ಎದ್ದು ನಾಲ್ಕು ಹೆಜ್ಜೆ ನಡೆದು ಹಿಂಬಾಲಿಸುತ್ತದೆಯೇ ನೋಡಿ. ಪಾದ, ಬೆರಳ ಸಂದು, ಕಿವಿ, ಬಾಲ ಮುಟ್ಟಿ. ನಿಮ್ಮ ಮಗಳು ಮೊದಲ ದಿನವೇ ಮಾಡುವ ಕೆಲಸ ಇದು! ತಿರುಗಿ ಕೈ ನೆಕ್ಕಿದರೆ ಅಥವಾ ಕೊಸರಿ ಆಟಕ್ಕಿಳಿದರೆ ಚಿಂತೆಯಿಲ್ಲ. ಮೈ ಸೆಟೆದು ಗುರ್ ಎಂದರೆ ಬೇಡ.

ಕೊನೆಗೆ ಸದ್ದು. ಮರಿಯಿಂದ ಎರಡು ಮೀಟರ್ ದೂರದಲ್ಲಿ, ಅದರ ಬೆನ್ನ ಹಿಂದೆ, ಬೀಗದ ಕೈ ಗೊಂಚಲನ್ನು ನೆಲಕ್ಕೆ ಹಾಕಿ. ಬೆಚ್ಚುವುದು ಸಹಜ, ಬೆಚ್ಚಿದ ಮೇಲೆ ಏನು ಮಾಡುತ್ತದೆ ಎಂಬುದೇ ಇಲ್ಲಿ ಲೆಕ್ಕ. ಅರ್ಧ ನಿಮಿಷದೊಳಗೆ ಚೇತರಿಸಿ ಗೊಂಚಲಿಗೆ ಮೂಗು ತಾಗಿಸಲು ಬರುವ ಮರಿ ನಿಮ್ಮಂಥ ಮನೆಗೆ ಹೇಳಿ ಮಾಡಿಸಿದ್ದು. ಬಾಲ ಮುದುರಿ ಮೂಲೆ ಸೇರಿ ಎರಡು ನಿಮಿಷವಾದರೂ ಹೊರಬರದಿದ್ದರೆ ಅದಕ್ಕೆ ಮಕ್ಕಳಿಲ್ಲದ, ಸದ್ದು ಕಡಿಮೆಯಿರುವ ಮನೆ ಬೇಕು. ಕಿವಿಯೂ ಅಲುಗದಿದ್ದರೆ ಧೈರ್ಯವೆಂದು ಮೆಚ್ಚಬೇಡಿ, ಕಿವುಡಿರಬಹುದು. ಡಾಲ್ಮೇಷನ್ ತಳಿಯಲ್ಲಿ, ಮೈಯೆಲ್ಲ ಬಿಳಿಯಿರುವ ಮರಿಗಳಲ್ಲಿ ಹುಟ್ಟು ಕಿವುಡು ಹೆಚ್ಚು.

ಮಂಕಾದ ಮರಿಯನ್ನು ಶಾಂತ ಮರಿಯೆಂದು ತಿಳಿಯುವುದೂ ಸಾಮಾನ್ಯ ತಪ್ಪು. ಬಡಕಲು ಮೈಗೆ ಡೊಳ್ಳುಹೊಟ್ಟೆ ಇದ್ದರೆ ಜಂತುಹುಳು ಇರಬಹುದು. ಮೂಗು, ಕಣ್ಣು ಸೋರುವುದು, ಕೆಮ್ಮು, ಬಾಲದ ಬುಡದಲ್ಲಿ ಭೇದಿಯ ಕಲೆ ಇವನ್ನೂ ನೋಡಿ. ಎರಡು ದಿನ ಬಿಟ್ಟು ಬೇರೆ ಹೊತ್ತಿನಲ್ಲಿ ಮತ್ತೊಮ್ಮೆ ಹೋಗಿ. ಎರಡು ಸಲವೂ ಒಂದೇ ರೀತಿ ಕಂಡ ಗುಣವನ್ನಷ್ಟೇ ನಂಬಿ. ಅತ್ತೆಯವರ ವಿಷಯದಲ್ಲಿ ಒಂದು ಮಾತು: ವಯಸ್ಸಾದವರಿಗೆ ಅಪಾಯವಿರುವುದು ಕಚ್ಚುವುದರಿಂದಷ್ಟೇ ಅಲ್ಲ, ಕಾಲಿಗೆ ಅಡ್ಡ ಬರುವುದರಿಂದ, ಮೈಮೇಲೆ ಹಾರುವುದರಿಂದ. ಇಲ್ಲಿ ಮರಿಯ ಸ್ವಭಾವಕ್ಕಿಂತ ತಂದೆತಾಯಿಯ ಗಾತ್ರ ಹೆಚ್ಚು ಹೇಳುತ್ತದೆ.

ಪ್ರಶ್ನೆ: ಒಂಬತ್ತು ವಾರದ ಮರಿ ತಂದು ನಾಲ್ಕು ದಿನವಾಯಿತು. ಸದಾ ಮಂಚದ ಕೆಳಗೇ ಇರುತ್ತದೆ. ಊಟಕ್ಕೆ ಬಂದು ಮತ್ತೆ ಓಡುತ್ತದೆ. ಎಳೆಯಲು ಹೋದರೆ ಗುರ್ ಎನ್ನುತ್ತದೆ. ಆಯ್ಕೆಯೇ ತಪ್ಪಾಯಿತೇ?

ಉತ್ತರ: ನಾಲ್ಕು ದಿನಕ್ಕೆ ತೀರ್ಮಾನ ಬೇಡ. ಎಂಟರಿಂದ ಹತ್ತು ವಾರದ ನಡುವೆ ಎಷ್ಟೋ ಮರಿಗಳಿಗೆ ಹೆದರಿಕೆ ಹೆಚ್ಚುತ್ತದೆ, ಅದೇ ಹೊತ್ತಿಗೆ ಮನೆಯೂ ಬದಲಾಗಿದೆ. ಎಳೆಯುವುದನ್ನು ಇಂದೇ ನಿಲ್ಲಿಸಿ. ಗುರ್ ಎಂದದ್ದಕ್ಕೆ ಗದರಬೇಡಿ, ಅದು ಎಚ್ಚರಿಕೆ. ಗದರಿ ಆ ಎಚ್ಚರಿಕೆಯನ್ನು ಅಡಗಿಸಿದರೆ ಮುಂದೆ ಸದ್ದಿಲ್ಲದೆ ಕಚ್ಚುವ ನಾಯಿಯಾದೀತು. ಮಂಚದಿಂದ ಒಂದೆರಡು ಮೀಟರ್ ದೂರದಲ್ಲಿ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು, ದಿನಕ್ಕೆ ನಾಲ್ಕೈದು ಸಲ ತಿನಿಸಿನ ಚೂರುಗಳನ್ನು ಅದರತ್ತ ಉರುಳಿಸಿ. ದಿಟ್ಟಿಸಿ ನೋಡಬೇಡಿ. ಹೊರಬಂದು ನಿಮ್ಮನ್ನು ಮೂಸಿದಾಗಲೂ ಕೈ ಚಾಚಬೇಡಿ, ಮುಟ್ಟುವುದು ಅದರ ಸರದಿ. ಧೈರ್ಯ ಬಂದ ಮೇಲೆ ದಿನಕ್ಕೊಂದು ಹೊಸ ವಸ್ತು ಅಥವಾ ಸದ್ದನ್ನು ಪರಿಚಯಿಸಿ, ತಿನ್ನುವುದನ್ನು ನಿಲ್ಲಿಸದಷ್ಟು ದೂರದಿಂದಲೇ. ತಿನಿಸು ಬಿಟ್ಟಿತೆಂದರೆ ತೀರಾ ಹತ್ತಿರವಾಯಿತು ಎಂದು ತಿಳಿದು ಹಿಂದೆ ಸರಿಯಿರಿ. ದಿನವಿಡೀ ಏನೂ ತಿನ್ನದಿದ್ದರೆ, ವಾಂತಿ ಭೇದಿಯಾದರೆ ಕಾಯದೆ ಪಶುವೈದ್ಯರಿಗೆ ತೋರಿಸಿ. ಎರಡು ವಾರವಾದರೂ ಏನೂ ಸುಧಾರಿಸದಿದ್ದರೂ ಅವರನ್ನೇ ಕೇಳಿ.

ಪ್ರಶ್ನೆ: ಒಂಟಿಯಾಗಬಾರದೆಂದು ಒಂದೇ ಸೂಲಿನ ಎರಡು ಮರಿ ತರಬಹುದೇ?

ಉತ್ತರ: ಬೇಡ. ಅವು ಒಂದಕ್ಕೊಂದು ಅಂಟಿಕೊಂಡು ಮನೆಯವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರಬಹುದು, ಅಗಲಿಸಿದರೆ ಎರಡೂ ಕಂಗಾಲಾಗಬಹುದು. ತರಲೇಬೇಕೆಂದರೆ ಊಟ, ನಿದ್ದೆ, ನಡಿಗೆ, ಪಾಠ ಎಲ್ಲವನ್ನೂ ಬೇರೆಬೇರೆಯಾಗಿ ಮಾಡಬೇಕು, ಅಂದರೆ ದುಪ್ಪಟ್ಟು ಸಮಯ. ಮೊದಲನೆಯದಕ್ಕೆ ಒಂದೂವರೆ ವರ್ಷವಾಗಿ ಮಾತು ಕೇಳುವಂತಾದ ಮೇಲೆ ಎರಡನೆಯದನ್ನು ತನ್ನಿ.