ರಾತ್ರಿಯಲ್ಲೂ ಸಿಸಿಟಿವಿ ಕ್ಯಾಮೆರಾ ಬಣ್ಣದ ಚಿತ್ರ ಕೊಡುವುದು ಹೇಗೆ?

ಹಳೆಯ ಕ್ಯಾಮೆರಾ ಕತ್ತಲಾದೊಡನೆ ಕಪ್ಪು-ಬಿಳುಪಿಗೆ ತಿರುಗುತ್ತದೆ, ಹೊಸ ಕೆಲವು ಕ್ಯಾಮೆರಾಗಳು ರಾತ್ರಿಯಿಡೀ ಬಣ್ಣದಲ್ಲೇ ತೋರಿಸುತ್ತವೆ, ಏಕೆ ಎಂಬುದು ಪ್ರಶ್ನೆ.

ಮುಸ್ಸಂಜೆಯಲ್ಲಿ ಹಳೆಯ ಕ್ಯಾಮೆರಾದೊಳಗಿಂದ ‘ಟಿಕ್’ ಎಂಬ ಸಣ್ಣ ಸದ್ದು ಬರುವುದುಂಟು. ಹಗಲಿನಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳನ್ನು ತಡೆಯುವ ಫಿಲ್ಟರ್, ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್‌ನ ಮುಂದಿನಿಂದ ಸರಿದ ಸದ್ದು ಅದು. ಬಳಿಕ ಸಾಮಾನ್ಯವಾಗಿ 850 ನ್ಯಾನೋಮೀಟರ್ ತರಂಗಾಂತರದ ಇನ್‌ಫ್ರಾರೆಡ್ ಎಲ್‌ಇಡಿಗಳು ಉರಿಯುತ್ತವೆ. ಸೆನ್ಸರ್‌ನ ಕೆಂಪು, ಹಸಿರು, ನೀಲಿ ಚುಕ್ಕೆಗಳು ಮೂರೂ ಈ ಬೆಳಕನ್ನು ಬಹುತೇಕ ಒಂದೇ ಪ್ರಮಾಣದಲ್ಲಿ ಒಳಬಿಡುವುದರಿಂದ ಬಣ್ಣದ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಕಪ್ಪು ಅಂಗಿ ಕೂಡ ಎಷ್ಟೋ ಸಲ ಬೆಳ್ಳಗೆ ಕಾಣುತ್ತದೆ. ಕಳ್ಳನ ಗುರುತು ಹೇಳಬೇಕಾದವರನ್ನು ಇದು ನಿಜಕ್ಕೂ ದಾರಿ ತಪ್ಪಿಸುತ್ತದೆ.

ಬಣ್ಣ ಉಳಿಯಬೇಕಾದರೆ ಕಣ್ಣಿಗೆ ಕಾಣುವ ಬೆಳಕನ್ನೇ ಹೆಚ್ಚು ಹಿಡಿಯಬೇಕು. ಅದಕ್ಕೆ ಮುಖ್ಯವಾದದ್ದು ಲೆನ್ಸ್: ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ, ಎಫ್ 2.0ರ ಬದಲು ಎಫ್ 1.0 ಲೆನ್ಸ್ ಹಾಕಿದರೆ ಸೆನ್ಸರ್ ಮೇಲೆ ನಾಲ್ಕು ಪಟ್ಟು ಬೆಳಕು ಬೀಳುತ್ತದೆ. ಸೆನ್ಸರ್ ದೊಡ್ಡದಾಗಿದ್ದು ಮೆಗಾಪಿಕ್ಸೆಲ್ ಮಿತವಾಗಿದ್ದರೆ ಪ್ರತಿ ಚುಕ್ಕೆಗೂ ಹೆಚ್ಚು ಬೆಳಕು ಸಿಗುತ್ತದೆ. ಆದ್ದರಿಂದ ಮೆಗಾಪಿಕ್ಸೆಲ್ ಸಂಖ್ಯೆಯೊಂದನ್ನೇ ನೋಡಿ ಕೊಳ್ಳುವುದು ಸರಿಯಲ್ಲ. ಉಳಿದ ಕೊರತೆಯನ್ನು ಷಟರ್ ಹೆಚ್ಚು ಹೊತ್ತು ತೆರೆದಿಟ್ಟು, ಹಲವು ಫ್ರೇಮ್‌ಗಳನ್ನು ಬೆರೆಸಿ ತುಂಬಿಸಿಕೊಳ್ಳಲಾಗುತ್ತದೆ. ನಿಂತ ಸ್ಕೂಟರ್‌ನ ಬಣ್ಣ ಇದರಿಂದ ಸ್ಪಷ್ಟವಾಗುತ್ತದೆ, ಆದರೆ ಓಡುವವನ ಮುಖ ಮಸುಕಾಗುತ್ತದೆ.

ಬೀದಿದೀಪವೂ ಇಲ್ಲದ ಕಗ್ಗತ್ತಲಲ್ಲಿ ಯಾವ ಲೆನ್ಸೂ ಸಾಲದು. ಅಂತಹ ಕಡೆಗೆಂದೇ ಇಂಥ ಬಹುತೇಕ ಕ್ಯಾಮೆರಾಗಳಲ್ಲಿ ಬಿಳಿ ಎಲ್‌ಇಡಿ ದೀಪವನ್ನೂ ಜೋಡಿಸಿರುತ್ತಾರೆ.