ಕಲಬುರಗಿಯಿಂದ ಮಂಗಳೂರು ಹಾಸ್ಟೆಲ್‌ಗೆ: ಮಳೆಗಾಲದಲ್ಲಿ ಏನೇನು ಒಯ್ಯಬೇಕು

ಮಂಗಳೂರಿನ ಹಾಸ್ಟೆಲ್ ಸೇರಲು ಹೊರಟಿರುವ ನೀವು ಏನೇನು ಒಯ್ಯಬೇಕು ಅಂತ ಕೇಳಿದ್ದೀರಿ. ಅಲ್ಲಿ ಮಳೆಗಾಲದಲ್ಲಿ ಬಟ್ಟೆಗೆ ಬೂಸ್ಟು ಹಿಡಿಯುತ್ತೆ ಅಂತ ನಿಮ್ಮ ಸೀನಿಯರ್ ಹೇಳಿದ್ದು ನಿಜ. ಕಾರಣ ಕರಾವಳಿಯ ತೇವದ ಗಾಳಿ. ನೀವು ಹೋಗುವ ಆಗಸ್ಟ್‌ನಲ್ಲಿ ಒಗೆದ ಜೀನ್ಸ್ ಎರಡು ಮೂರು ದಿನವಾದರೂ ಪೂರ್ತಿ ಒಣಗುವುದಿಲ್ಲ. ಕಲಬುರಗಿಯ ಲೆಕ್ಕದಲ್ಲಿ ಬಟ್ಟೆ ಕಟ್ಟಿಕೊಳ್ಳಬೇಡಿ.

ಮೊದಲು ವಾರ್ಡನ್‌ಗೆ ಫೋನ್ ಮಾಡಿ. ಹಾಸಿಗೆ ಕೊಡುತ್ತಾರಾ, ಕೆಟಲ್, ಇಸ್ತ್ರಿಪೆಟ್ಟಿಗೆ ಇಟ್ಟುಕೊಳ್ಳಲು ಬಿಡುತ್ತಾರಾ ಕೇಳಿ. ಒಂದೊಂದು ಹಾಸ್ಟೆಲ್‌ಗೆ ಒಂದೊಂದು ನಿಯಮ, ಕೇಳದೆ ಕೊಳ್ಳಬೇಡಿ.

ಆಮೇಲೆ ಬಟ್ಟೆ. ಜೀನ್ಸ್ ಒಂದು ಸಾಕು, ಉಳಿದದ್ದು ಬೇಗ ಒಣಗುವ ತೆಳು ಪ್ಯಾಂಟ್. ಒಳ ಉಡುಪು ಮತ್ತು ಟವೆಲ್ ಮಾತ್ರ ಜಾಸ್ತಿ ಇರಲಿ. ಕೋಣೆಯೊಳಗೆ ಕಟ್ಟಲು ನೈಲಾನ್ ಹಗ್ಗ, ಕ್ಲಿಪ್ಪು, ಹ್ಯಾಂಗರ್ ಬೇಕೇ ಬೇಕು. ಅರೆ ಒಣಗಿದ್ದನ್ನು ಕಪಾಟಿಗೆ ತುರುಕಬೇಡಿ, ಬೂಸ್ಟು ಶುರುವಾಗುವುದೇ ಅಲ್ಲಿ. ಚರ್ಮದ ಬೂಟು, ಬೆಲ್ಟು ದಸರಾ ರಜೆವರೆಗೆ ಮನೆಯಲ್ಲೇ ಇರಲಿ. ರಬ್ಬರ್ ಚಪ್ಪಲಿ ಹಾಕಿ. ದಪ್ಪ ರಜಾಯಿ ಬೇಡ, ಸೆಕೆಯೂ ಇರುತ್ತದೆ. ತೆಳು ಹೊದಿಕೆ ಸಾಕಾಗಬಹುದು.

ಮೂಲ ಅಂಕಪಟ್ಟಿ, ಟಿ.ಸಿ.ಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಜೆರಾಕ್ಸ್, ಪಾಸ್‌ಪೋರ್ಟ್ ಅಳತೆಯ ಫೋಟೊ, ಒಂದು ಗಟ್ಟಿ ಬೀಗ ಜೊತೆಗಿರಲಿ. ಬಕೆಟ್, ಮಗ್ ಸುಮ್ನೆ ಹೊರಬೇಡಿ, ಅಲ್ಲೇ ಸಿಗುತ್ತವೆ. ಕೊಡೆಯನ್ನು ಮಾತ್ರ ಬ್ಯಾಗಿನ ಮೇಲ್ಗಡೆಯೇ ಇಡಿ, ಬಸ್ಸಿಳಿದ ತಕ್ಷಣ ಬೇಕಾಗುತ್ತದೆ.