ಪ್ರತಿ ವರ್ಷ ಪಲ್ಟಿ ಹೊಡೆಸಬೇಕಾ, ನೇಗಿಲು ಬಿಟ್ಟೇಬಿಡಬೇಕಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಯಲಬುರ್ಗಾ ಕಡೆ ಆರು ಎಕರೆ ಎರೆ (ಕಪ್ಪು ಮಣ್ಣು), ಎರಡು ಎಕರೆ ಮಸಾರಿ (ಕೆಂಪು ಮಣ್ಣು). ಅಪ್ಪ ಪ್ರತಿ ಬೇಸಿಗೆ ಪಲ್ಟಿ ನೇಗಿಲು, ಅಂದರೆ ಮಣ್ಣನ್ನು ಆಳದಿಂದ ಮಗುಚುವ ನೇಗಿಲು, ಹೊಡೆಸುತ್ತಾರೆ. ನೀವು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೀರಿ. ಉಳುಮೆ ಇಲ್ಲದ ಬೇಸಾಯದ ವಿಡಿಯೋ ನೋಡಿ, ಈ ವರ್ಷದಿಂದಲೇ ನೇಗಿಲು ನಿಲ್ಲಿಸಬೇಕು ಅಂದುಕೊಂಡಿದ್ದೀರಿ. ಮಣ್ಣು ನಿಜವಾಗಿ ಸುಧಾರಿಸುತ್ತಾ, ಇಳುವರಿ ಬೀಳುತ್ತಾ ಎಂದು ಕೇಳಿದ್ದೀರಿ.

ನಾನು ಗದಗ ಜಿಲ್ಲೆಯವನು. ನಮಗೂ ಎರೆ, ಮಸಾರಿ ಎರಡೂ ಇವೆ. ನೀವು ಈಗ ಮಾಡಬೇಕೆಂದಿರುವುದನ್ನೇ ನಾನು ಹತ್ತು ವರ್ಷದ ಹಿಂದೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಉಳುಮೆ ಕಡಿಮೆ ಮಾಡಿದರೆ ಮಣ್ಣು ಸುಧಾರಿಸುತ್ತದೆ. ಆದರೆ ಮಣ್ಣಿನ ಮೇಲೆ ಬೆಳೆ ಉಳಿಕೆಯದೋ ಸೊಪ್ಪಿನದೋ ಹೊದಿಕೆ ಇದ್ದರೆ ಮಾತ್ರ. ಹೊದಿಕೆ ಇಲ್ಲದೆ ನೇಗಿಲೊಂದನ್ನೇ ಬಿಟ್ಟರೆ, ಉತ್ತ ಹೊಲಕ್ಕಿಂತ ಅದರ ಗತಿ ಕೆಟ್ಟದಾಗುತ್ತದೆ. ಇನ್ನೊಂದು, ಎರೆಗೂ ಮಸಾರಿಗೂ ಒಂದೇ ಲೆಕ್ಕ ಹಾಕಬೇಡಿ.

ನಾನು ಮೊದಲು ಬಿಟ್ಟಿದ್ದು ಮಸಾರಿ ಹೊಲದ ಉಳುಮೆ. ಹಿಂದಿನ ಬೆಳೆಯ ಕಣಿಕೆ (ಒಣ ದಂಟು), ಹೊಟ್ಟು ಎಲ್ಲ ದನಕ್ಕೆ ಹೋಗಿತ್ತು. ಉಳಿದ ಕೂಳೆಯನ್ನು ಊರ ದನ, ಕುರಿ ಮೇದು ಮುಗಿಸಿದ್ದವು. ನೆಲ ಬೋಳು. ಅದರಲ್ಲೇ ಶೇಂಗಾ ಬಿತ್ತಿದೆ. ಬಿತ್ತಿದ ಮೂರನೇ ದಿನ ಒಂದು ಜೋರು ಮಳೆ ಬಂತು. ಮರುದಿನ ಬಿಸಿಲಿಗೆ ಮೇಲ್ಮಣ್ಣು ಹಕ್ಕಳೆ ಕಟ್ಟಿತು. ಅರ್ಧ ಬೀಜ ಮೇಲೇಳಲೇ ಇಲ್ಲ. ಎದ್ದ ಗಿಡ ಹೂ ಬಿಟ್ಟರೂ, ಕಾಯಿ ಕಟ್ಟಲು ಕೆಳಗಿಳಿಯುವ ಮೊಳೆ ಆ ಗಟ್ಟಿ ನೆಲವನ್ನು ತೂರಲಿಲ್ಲ. ಕಿತ್ತಾಗ ಒಂದೊಂದು ಗಿಡಕ್ಕೆ ನಾಲ್ಕೈದು ಕಾಯಿ. ಆ ವರ್ಷ ಬೀಜದ ದುಡ್ಡೂ ಹುಟ್ಟಲಿಲ್ಲ.

ಆಗ ನನಗೆ ಅರ್ಥವಾಗದ್ದು ಈಗ ಅರ್ಥವಾಗಿದೆ. ಮಸಾರಿಯಲ್ಲಿ ಜೇಡಿ ಕಡಿಮೆ, ಸಾವಯವ ಅಂಶವೂ ಕಡಿಮೆ. ಮಳೆ ಹನಿ ಬೋಳು ನೆಲಕ್ಕೆ ಬಡಿದಾಗ ಮೇಲ್ಮಣ್ಣಿನ ಸಣ್ಣ ಹರಳುಗಳು ಒಡೆಯುತ್ತವೆ. ಸಣ್ಣ ಪುಡಿ ರಂಧ್ರಗಳಲ್ಲಿ ಕೂತು ಬಾಯಿ ಮುಚ್ಚುತ್ತದೆ. ಆಮೇಲೆ ಬಂದ ನೀರು ಇಂಗುವುದಿಲ್ಲ, ಹರಿದು ಹೋಗುತ್ತದೆ. ಒಂದು ಎಕರೆ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಅದರಲ್ಲಿ ಮೂರನೇ ಒಂದು ಪಾಲು ಹರಿದು ಹೋದರೂ ನಮ್ಮಂಥ ಒಣ ಸೀಮೆಗೆ ಅದು ದೊಡ್ಡ ನಷ್ಟ. ಉತ್ತ ನೆಲ ಸ್ವಲ್ಪ ಉಬ್ಬುತಗ್ಗಾಗಿ ಇರುತ್ತದೆ, ಒಂದೆರಡು ಮಳೆಯ ನೀರನ್ನಾದರೂ ಹಿಡಿಯುತ್ತದೆ. ಉಳದ ಬೋಳು ನೆಲಕ್ಕೆ ಅದೂ ಇಲ್ಲ. ಹೊದಿಕೆ ಇದ್ದರೆ ಹನಿಯ ಪೆಟ್ಟನ್ನು ಹೊದಿಕೆಯೇ ತಿನ್ನುತ್ತದೆ.

ಹಾಗಾದರೆ ಉಳುಮೆಯೇ ಸರಿ ಅಂತೀರಾ? ಅಲ್ಲ. ಒಂದು ಕೆಲಸ ಮಾಡಿ ನೋಡಿ. ನಿಮ್ಮ ಬದುವಿನ ಮೇಲಿಂದ, ವರ್ಷಾನುಗಟ್ಟಲೆ ಉಳದೆ ಹುಲ್ಲು ಬೆಳೆದ ಕಡೆಯಿಂದ, ಒಂದು ಒಣ ಹೆಂಟೆ ತನ್ನಿ. ಹೊಲದ ನಡುವಿನಿಂದ ಅಷ್ಟೇ ದೊಡ್ಡ ಇನ್ನೊಂದು. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ ಎರಡನ್ನೂ ಮೆಲ್ಲಗೆ ಬಿಡಿ. ನಮ್ಮ ಮಸಾರಿಯ ಹೊಲದ ಹೆಂಟೆ ಎರಡೇ ನಿಮಿಷದಲ್ಲಿ ಕರಗಿ ರಾಡಿಯಾಯಿತು. ಬದುವಿನದು ಅರ್ಧ ಗಂಟೆ ಕಳೆದರೂ ಆಕಾರ ಬಿಡಲಿಲ್ಲ. ಎರಡರ ನಡುವೆ ಹತ್ತು ಹೆಜ್ಜೆ ದೂರ ಅಷ್ಟೇ. ಮಣ್ಣು ಒಂದೇ. ನಾವು ಅದನ್ನು ನಡೆಸಿಕೊಂಡ ರೀತಿ ಬೇರೆ.

ಬದುವಿನ ಮಣ್ಣನ್ನು ಹಿಡಿದಿಟ್ಟಿರುವುದು ಬೇರು, ಶಿಲೀಂಧ್ರದ ಎಳೆ, ಎರೆಹುಳು ಉಗುಳಿದ ಅಂಟು. ನೇಗಿಲು ಇವನ್ನೆಲ್ಲ ಹರಿಯುತ್ತದೆ. ಒಂದು ಎಕರೆಯನ್ನು ಅರ್ಧ ಅಡಿ ಆಳ ಮಗುಚಿದರೆ ನಾವು ಸುಮಾರು 8 ಲಕ್ಷ ಕಿಲೋ ಮಣ್ಣನ್ನು ತಿರುವಿ ಹಾಕಿದ ಹಾಗೆ. ಒಳಗೆ ಮುಚ್ಚಿಕೊಂಡಿದ್ದ ಸಾವಯವ ಅಂಶಕ್ಕೆ ಒಮ್ಮೆಗೇ ಗಾಳಿ ಸಿಗುತ್ತದೆ. ಸೂಕ್ಷ್ಮಜೀವಿಗಳು ಅದನ್ನು ತಿಂದು ಇಂಗಾಲವನ್ನು ಗಾಳಿಗೆ ಬಿಡುತ್ತವೆ. ತಿನ್ನುವಾಗ ಸಾರಜನಕವೂ ಬಿಡುಗಡೆಯಾಗುತ್ತದೆ. ಅದಕ್ಕೇ ಆಳ ಉತ್ತ ವರ್ಷ ಬೆಳೆ ಕಪ್ಪು ಹಸಿರಾಗಿ ಕಾಣುತ್ತದೆ. ನಿಮ್ಮ ಅಪ್ಪ ಕಣ್ಣಾರೆ ಕಂಡಿರುವುದು ಸುಳ್ಳಲ್ಲ. ಆದರೆ ಆ ಹಸಿರು ಬಡ್ಡಿಯಿಂದ ಬಂದದ್ದಲ್ಲ, ಅಸಲು ಕರಗಿಸಿ ಬಂದದ್ದು. ನಿಮ್ಮ ಮಣ್ಣು ಆರೋಗ್ಯ ಕಾರ್ಡ್ ತೆಗೆದು ಸಾವಯವ ಇಂಗಾಲದ ಸಾಲು ನೋಡಿ. 0.5 ಶೇಕಡಾಕ್ಕಿಂತ ಕೆಳಗಿದ್ದರೆ ‘ಕಡಿಮೆ’ ಎಂದು ಲೆಕ್ಕ. ನಮ್ಮ ಎರಡೂ ಹೊಲದ್ದು ಅಲ್ಲೇ ಇತ್ತು.

ಇದೇ ಕಾರಣಕ್ಕೆ ಉಳುಮೆ ಬಿಟ್ಟ ಮೊದಲ ಎರಡು ಮೂರು ವರ್ಷ ಬೆಳೆ ಸೊರಗಿದ ಹಾಗೆ ಕಾಣುತ್ತದೆ. ಆ ಸಾರಜನಕದ ಕಂತು ನಿಂತುಹೋಗಿರುತ್ತದೆ. ಮೇಲೆ ಹಾಕಿದ ಜೋಳದ ಕಣಿಕೆ ಕೊಳೆಯುವಾಗಲೂ ಸ್ವಲ್ಪ ಸಾರಜನಕ ಎಳೆದುಕೊಳ್ಳುತ್ತದೆ. ಜೊತೆಗೆ ಕಳೆ ಜಾಸ್ತಿ. ಬಹಳ ಜನ ಇಲ್ಲೇ ಕೈಬಿಡುವುದು. ಆ ವರ್ಷಗಳಲ್ಲಿ ಗೊಬ್ಬರ ಸ್ವಲ್ಪ ಜಾಸ್ತಿ ಕೊಡಬೇಕು, ಇಲ್ಲವೇ ದ್ವಿದಳ ಬೆಳೆ ಹಾಕಬೇಕು.

ಇಳುವರಿ ಬಗ್ಗೆ ಒಂದು ಗಟ್ಟಿ ಲೆಕ್ಕ ಇದೆ. 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ. 63 ದೇಶಗಳ 610 ಪ್ರಯೋಗ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಉಳುಮೆ ಇಲ್ಲದ ಬೇಸಾಯದಲ್ಲಿ ಇಳುವರಿ ಸರಾಸರಿ 5.7 ಶೇಕಡಾ ಕಡಿಮೆ. ಆದರೆ ಮಳೆಯನ್ನೇ ನಂಬಿದ ಒಣ ಪ್ರದೇಶದಲ್ಲಿ, ಉಳುಮೆ ಬಿಡುವುದರ ಜೊತೆಗೆ ಬೆಳೆಯ ಉಳಿಕೆಯನ್ನು ಹೊಲದಲ್ಲೇ ಬಿಟ್ಟು, ಬೆಳೆಯನ್ನೂ ಬದಲಿಸುತ್ತ ಹೋದಾಗ ಇಳುವರಿ 7.3 ಶೇಕಡಾ ಏರಿದೆ. ಇದನ್ನು ಓದಿದಾಗ ನನ್ನ ಶೇಂಗಾ ಹೊಲ ಕಣ್ಣ ಮುಂದೆ ಬಂತು. ಮೂರು ಕೆಲಸದಲ್ಲಿ ನಾನು ಮಾಡಿದ್ದು ಒಂದೇ, ಅದೂ ಸುಲಭದ್ದು.

ಈಗ ನಿಮ್ಮ ಎರೆಗೆ ಬರೋಣ. ನಿಮ್ಮ ಬದುಕು ನಿಂತಿರುವುದು ಆ ಆರು ಎಕರೆ ಮೇಲೆ ಅಲ್ವಾ?

ಎರೆ ಮಣ್ಣು ತನ್ನನ್ನು ತಾನೇ ಉಳುತ್ತದೆ. ಇದು ಬರೀ ಮಾತಲ್ಲ. ಅದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲಿನ ಪುಡಿ ಮಣ್ಣು ಬಿರುಕಿನೊಳಗೆ ಬೀಳುತ್ತದೆ. ಮಳೆ ಬಂದಾಗ ಒಳಗಿನದು ಉಬ್ಬಿ ಮೇಲೆ ತಳ್ಳುತ್ತದೆ. ಹೀಗೆ ಕೆಳಗಿನದು ಮೇಲೆ, ಮೇಲಿನದು ಕೆಳಗೆ ತಾನಾಗಿಯೇ ಆಗುತ್ತಿರುತ್ತದೆ. ಇಂಥ ಮಣ್ಣನ್ನು ಪ್ರತಿ ವರ್ಷ ಒಂದಡಿ ಆಳ ಮಗುಚುವ ಅಗತ್ಯ ನನಗಂತೂ ಕಾಣುವುದಿಲ್ಲ. ಪಲ್ಟಿ ಹೊಡೆಸಿದ ಮೇಲೆ ಕಲ್ಲಿನಂಥ ಹೆಂಟೆ ಏಳುತ್ತದೆ. ಅದನ್ನು ಒಡೆಯಲು ರೋಟಾವೇಟರ್ ಹೊಡೆಸುತ್ತೇವೆ. ಒಂದು ಖರ್ಚು ಇನ್ನೊಂದನ್ನು ಕರೆಯುತ್ತದೆ.

ಪಲ್ಟಿಗೆ ಒಂದೇ ಒಂದು ಒಳ್ಳೆಯ ಕಾರಣ ಇದೆ, ಕರಿಕೆ (ಗರಿಕೆ) ಹುಲ್ಲು. ಹೊಲದಲ್ಲಿ ಕರಿಕೆ ಹಬ್ಬಿದ್ದರೆ, ಬೆಳೆ ಕೊಯ್ದ ಮೇಲೆ ಮಾಡುವ ಮಾಗಿ ಉಳುಮೆಯಲ್ಲಿ ಬೇರು ಮೇಲೆ ತಂದು ಎರಡು ತಿಂಗಳ ಬಿಸಿಲಿಗೆ ಒಣಗಿಸುವುದೇ ದಾರಿ. ಅದೂ ಕರಿಕೆ ಇರುವ ಪಟ್ಟಿಗೆ ಮಾತ್ರ. ರೋಟಾವೇಟರ್ ಅಂತೂ ಕರಿಕೆ ಇರುವ ಹೊಲಕ್ಕೆ ಬೇಡವೇ ಬೇಡ. ಅದು ಬೇರನ್ನು ತುಂಡು ತುಂಡು ಮಾಡಿ ಹೊಲದ ತುಂಬ ನೆಡುತ್ತದೆ.

ಆದರೆ ಕುಂಟೆಯನ್ನು, ಅಂದರೆ ಮೇಲ್ಮಣ್ಣನ್ನು ಮಾತ್ರ ಕೆರೆಯುವ ಅಲಗಿನ ಸಲಕರಣೆಯನ್ನು, ಬಿಡಬೇಡಿ. ನಮ್ಮ ಹಿರಿಯರು ಮುಂಗಾರಿಯಲ್ಲಿ ಎರೆಯನ್ನು ಮೂರು ನಾಲ್ಕು ಸಲ ಕುಂಟೆಯಿಂದ ಹರಗುತ್ತಿದ್ದರು. ಕಳೆ ಸಾಯುತ್ತಿತ್ತು, ಮೇಲೆ ಎರಡು ಬೆರಳು ಪುಡಿ ಮಣ್ಣು ನಿಲ್ಲುತ್ತಿತ್ತು. ಒಳಗಿನ ಹಸಿ ಆರದಂತೆ ಆ ಪುಡಿ ಮಣ್ಣೇ ಹೊದಿಕೆ. ಹಿಂಗಾರಿ ಬಿಳಿಜೋಳದಲ್ಲಿ ಸಾಲುಗಳ ನಡುವೆ ಸಣ್ಣ ಕುಂಟೆಯಿಂದ ಎಡೆ ಹೊಡೆಯುವುದೂ ಇದಕ್ಕೇ. ಡಿಸೆಂಬರ್ ಹೊತ್ತಿಗೆ ನೆಲ ಬಿರಿಯಲು ಶುರುವಾದರೆ, ಬಿರುಕಿನ ಎರಡೂ ಗೋಡೆಯಿಂದ ಹಸಿ ಹಾರಿಹೋಗುತ್ತದೆ, ಬೇರೂ ಹರಿಯುತ್ತದೆ. ಎಡೆಕುಂಟೆ ಆ ಬಾಯಿ ಮುಚ್ಚುತ್ತದೆ. ಒಂದು ಎಡೆ ತಪ್ಪಿದ ಸಾಲಿನಲ್ಲಿ ತೆನೆ ಸಣ್ಣದಾಗುವುದನ್ನು ನಾನೇ ನೋಡಿದ್ದೇನೆ. ಉಳುಮೆ ಇಲ್ಲದ ಬೇಸಾಯದ ವಿಡಿಯೋಗಳು ಹೆಚ್ಚಾಗಿ ಬೇರೆ ಸೀಮೆಯವು. ಈ ಬಿರುಕಿನ ವಿಷಯ ಅವುಗಳಲ್ಲಿ ಬರುವುದೇ ಇಲ್ಲ. ಇದನ್ನು ನಿಮ್ಮ ಅಪ್ಪನ ಹತ್ತಿರ ಕೂತು ಕಲಿಯಿರಿ.

ಹದದ ಮಾತೂ ಹೇಳಲೇಬೇಕು. ಎರೆಯಲ್ಲಿ ಯಾವ ಸಲಕರಣೆ ಅನ್ನುವುದಕ್ಕಿಂತ ಯಾವ ದಿನ ಅನ್ನುವುದು ದೊಡ್ಡದು. ಹಸಿ ಜಾಸ್ತಿ ಇದ್ದಾಗ ಟ್ರ್ಯಾಕ್ಟರ್ ಇಳಿಸಿದರೆ ಗಾಲಿಯ ಕೆಳಗೆ ಮಣ್ಣು ಅದುಮಿ ಹೋಗುತ್ತದೆ. ಟ್ರ್ಯಾಕ್ಟರ್ ಬಾಡಿಗೆಯದು, ಸರದಿ ಬಂದಾಗ ಹೊಡೆಸಲೇಬೇಕು ಎಂಬ ಕಷ್ಟ ನನಗೂ ಗೊತ್ತು. ಆದರೂ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಅಂಟದೆ ಉದುರಬೇಕು. ಅಂಟಿದರೆ ಎರಡು ದಿನ ಕಾಯಿರಿ.

ಎರೆಯಲ್ಲಿ ಉಳುಮೆಯಷ್ಟೇ ಮುಖ್ಯ ನೆಲದ ಆಕಾರ. ಹೈದರಾಬಾದ್ ಹತ್ತಿರ ಪಟಾಂಚೆರುವಿನ ಇಕ್ರಿಸ್ಯಾಟ್ ಎಂಬ ಒಣ ಬೇಸಾಯದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಲ್ಲಿ 1976ರಿಂದ ಒಂದು ಪ್ರಯೋಗ ನಡೆಸಿದ್ದಾರೆ. ಒಂದು ಕಡೆ ಹಳೇ ಪದ್ಧತಿ, ಮುಂಗಾರಿಯಲ್ಲಿ ಬೋಳು ಬಿಟ್ಟು ಹಿಂಗಾರಿಗೆ ಒಂದೇ ಬೆಳೆ. ಇನ್ನೊಂದು ಕಡೆ ಅಗಲ ಮಡಿ, ನಡುವೆ ಸಾಲು, ಜೋಳದ ಜೊತೆ ತೊಗರಿ. ಹಳೇ ಪದ್ಧತಿಯಲ್ಲಿ ಹೆಕ್ಟೇರಿಗೆ ಸರಾಸರಿ 1 ಟನ್ ಆಸುಪಾಸು ಕಾಳು ಬಂದರೆ, ಹೊಸದರಲ್ಲಿ ಸುಮಾರು 5 ಟನ್. ಇದು ಬರೀ ಮಡಿಯ ಮಹಿಮೆ ಅಲ್ಲ. ಗೊಬ್ಬರ, ಬೀಜ, ಜೋಡಿ ಬೆಳೆ ಎಲ್ಲ ಸೇರಿದ್ದು. ಅಲ್ಲಿ ಮಳೆಯೂ ನಮಗಿಂತ ಜಾಸ್ತಿ. ಆದರೆ ಅದರಲ್ಲಿ ನಮಗೆ ಬೇಕಾದ ಒಂದು ಉಪಾಯ ಇದೆ. ಮಡಿಯನ್ನು ಪ್ರತಿ ವರ್ಷ ಕೆಡಿಸುವುದಿಲ್ಲ. ಎತ್ತು, ಗಾಲಿ ಸಾಲಿನಲ್ಲಿ ಮಾತ್ರ ಓಡಾಡುತ್ತವೆ. ಬೆಳೆ ಬೆಳೆಯುವ ಜಾಗ ತುಳಿತಕ್ಕೆ ಸಿಗುವುದಿಲ್ಲ, ಹಾಗಾಗಿ ಆಳ ಉಳುವ ಕಾರಣವೇ ಉಳಿಯುವುದಿಲ್ಲ. ಹಿಂಗಾರಿ ಬಿತ್ತುವವರಿಗೆ ವಿಜಯಪುರ ಕಡೆಯ ಚೌಕು ಮಡಿ ಇನ್ನೂ ಸುಲಭ. ಜೂನ್–ಜುಲೈನಲ್ಲಿ ಹೊಲದಲ್ಲಿ ಸಣ್ಣ ಸಣ್ಣ ಚೌಕ ಕಟ್ಟಿ, ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವುದು. ನಾವು ಎರಡು ಎಕರೆಯಲ್ಲಿ ಕಟ್ಟಿದ್ದೆವು. ಮಳೆ ಕೈಕೊಟ್ಟ ವರ್ಷ ಆ ಎರಡು ಎಕರೆಯ ಕಡಲೆಯೇ ನಮ್ಮನ್ನು ಕಾಪಾಡಿತು.

ಇನ್ನು ಕಠಿಣ ಭಾಗ, ಹೊದಿಕೆ ಎಲ್ಲಿಂದ ತರುವುದು? ಪುಸ್ತಕದಲ್ಲಿ ‘ಬೆಳೆ ಉಳಿಕೆ ಹೊಲದಲ್ಲೇ ಬಿಡಿ’ ಎಂದು ಸುಲಭವಾಗಿ ಬರೆಯುತ್ತಾರೆ. ಬಿಳಿಜೋಳದ ಕಣಿಕೆ ನಮ್ಮ ದನದ ಹೊಟ್ಟೆ. ಅದನ್ನು ಮಣ್ಣಿಗೆ ಬಿಡಿ ಎಂದು ನಾನು ಹೇಳಲಾರೆ. ನಾನು ಮಾಡುವುದು ಇಷ್ಟು. ಜೋಳ ಕೊಯ್ಯುವಾಗ ಬುಡದಲ್ಲಿ ಒಂದು ಗೇಣು ಬಿಟ್ಟು ಕೊಯ್ಯುತ್ತೇವೆ. ತೊಗರಿ, ಹತ್ತಿ ಕಟ್ಟಿಗೆಯನ್ನು ಸುಡುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಬಾಡಿಗೆಗೆ ಪುಡಿ ಮಾಡುವ ಯಂತ್ರ ತರಿಸಿ ಅಲ್ಲೇ ಹರಡುತ್ತೇವೆ. ಮುಂಗಾರಿಯಲ್ಲಿ ಬೋಳು ಬಿಡುವ ಬದಲು ಎರಡು ತಿಂಗಳ ಹೆಸರು ಹಾಕುತ್ತೇವೆ. ಕಾಯಿ ಬಿಡಿಸಿಕೊಂಡು ಬಳ್ಳಿಯನ್ನು ಹೊಲಕ್ಕೇ ಬಿಡುತ್ತೇವೆ. ಬದುವಿನ ಮೇಲೆ ಗೊಬ್ಬರದ ಗಿಡ ಬೆಳೆಸಿ ಸೊಪ್ಪು ಮಸಾರಿಗೆ ಹಾಕುತ್ತೇವೆ. ಕುರಿ ಹಿಂಡನ್ನು ಎರಡು ಮೂರು ರಾತ್ರಿ ನಿಲ್ಲಿಸಿಕೊಳ್ಳುತ್ತೇವೆ. ಕೂಳೆ ಹೋದರೂ ಹಿಕ್ಕೆ ಉಳಿಯುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಈ ವರ್ಷ ಆರು ಎಕರೆ ಎರೆಗೂ ಪಲ್ಟಿ ನಿಲ್ಲಿಸುತ್ತಿದ್ದೆ, ಕರಿಕೆ ಇರುವ ತುಣುಕು ಬಿಟ್ಟು. ಕುಂಟೆ, ಎಡೆ ಮುಂದುವರಿಸುತ್ತಿದ್ದೆ. ಪೂರ್ತಿ ಉಳುಮೆ ಬಿಡುವ ಪ್ರಯೋಗವನ್ನು ಎರೆಯ ಅರ್ಧ ಎಕರೆಯಲ್ಲಿ ಮಾತ್ರ, ಹೊದಿಕೆ ಹಾಕಿ ಮಾಡುತ್ತಿದ್ದೆ. ಮಸಾರಿಯಲ್ಲಿ ಸದ್ಯ ಉಳುಮೆ ಬಿಡುತ್ತಿರಲಿಲ್ಲ. ಅಲ್ಲಿ ಮೊದಲು ಒಂದು ತೊಗರಿ ಗಿಡ ಬೇರು ಸಮೇತ ಅಗೆದು ನೋಡಿ. ತಾಯಿಬೇರು ನೆಟ್ಟಗೆ ಇಳಿಯದೆ ಒಂದು ಗೇಣಿನೊಳಗೆ ಅಡ್ಡ ತಿರುಗಿದ್ದರೆ, ರೋಟಾವೇಟರ್ ಕೆಳಗೆ ಗಟ್ಟಿ ಪದರ ಕೂತಿದೆ ಎಂದರ್ಥ. ಒಂದು ಸಲ ಚಿಸೆಲ್ ನೇಗಿಲು ಹೊಡೆಸಿ ಅದನ್ನು ಸೀಳಿ. ಅದು ಮಣ್ಣನ್ನು ಮಗುಚುವುದಿಲ್ಲ, ಸೀಳುತ್ತದೆ ಅಷ್ಟೇ. ಆಮೇಲೆ ಎರಡು ಮೂರು ವರ್ಷ ಸೊಪ್ಪು, ಗೊಬ್ಬರ ತುಂಬಿ. ಬದುವಿನ ಹೆಂಟೆಯ ಹಾಗೆ ಹೊಲದ ಹೆಂಟೆಯೂ ನೀರಿನಲ್ಲಿ ಸ್ವಲ್ಪ ಹೊತ್ತು ನಿಂತಾಗ ಉಳುಮೆ ಕಡಿಮೆ ಮಾಡಿ.

ಮುಂದಿನ ಜೋರು ಮಳೆಯ ಮರುದಿನ ಸಲಿಕೆ ಹಿಡಿದು ಹೋಗಿ ಮೂರು ಕಡೆ ಅಗೆಯಿರಿ: ಪಲ್ಟಿ ಹೊಡೆದ ಕಡೆ, ಬರೀ ಕುಂಟೆ ಹೊಡೆದ ಕಡೆ, ಬದುವಿನ ಪಕ್ಕ. ಹಸಿ ಎಷ್ಟು ಬೆರಳು ಆಳ ಇಳಿದಿದೆ ಅಂತ ಅಳೆದು ಇಲ್ಲೇ ಬರೆಯಿರಿ. ನಾನೂ ಅದೇ ದಿನ ನಮ್ಮ ಹೊಲದ್ದು ಅಳೆದು ಹಾಕುತ್ತೇನೆ.